ಕಲ್ಲುಹೂವಿನ ಬರಣಿ

"ನೀರು ಸಾವಕಾಶ ಹಾಕ್ರಿ. ಹೆಬ್ಬಟ್ಟು ನೋಡ್ರಿಲ್ಲೆ, ಕರ್ರಗಾಗೈತಿ," ಅಂದ ಸೂಗಪ್ಪ.

ಮಸ್ಕಿಯ ಕಿರಾಣಿ ಅಂಗಡಿ ಅಮರಗುಂಡಪ್ಪನ ಹೆಣಕ್ಕ ಅಂಗಳದಾಗ ಜಳಕ ಮಾಡಸಾಕತ್ತಿದ್ರು. ಎಡಗೈ ಹೆಬ್ಬಟ್ಟಿನ ಉಗುರು ನೇರಳೆಹಣ್ಣಿನಂಗಿತ್ತು.

"ಎದಿ ನಿಂತು ಸತ್ತಾವಗ ಹೆಬ್ಬಟ್ಟು ಯಾಕ ಬಾತೈತಿ?" ಅಂದ ತಮ್ಮ ಸೂಗಪ್ಪ.

"ನಿನ್ನೆ ಮಧ್ಯಾಹ್ನ ಅಂಗಡಿಗೆ ಸುತ್ತಿಗಿ ತರ್ಸಿದ್ದ," ಅಂದ್ಳು ಮೊಮ್ಮಗಳು ಐಶ್ವರ್ಯ. "ಯಾಕ ತಾತ ಅಂದ್ರ, ನಿನ್ನ ಪುಸ್ತಕ ತಿದ್ದಾಕತ್ತೀನಿ ಅಂದ."

ಸೂಗಪ್ಪ ನಕ್ಕ, ಹಂಗ ಅತ್ತ.

ಬೇವಿನ ಗಿಡದ ಬುಡಕ ದಸ್ತಗೀರ್‌ಸಾಬ್ ನಿಂತಿದ್ದ. ನಲವತ್ತು ವರ್ಷ ಅದೇ ಅಂಗಡ್ಯಾಗ ಅಮರಗುಂಡಪ್ಪನ ಬಾಜೂಕ ಕುಂತು ತಕ್ಕಡಿ ಹಿಡಿದಾವ. ಎಂಟು ದಿನದಿಂದ ಅಂಗಡಿ ಮೆಟ್ಟಲಾ ಹತ್ತಿರಲಿಲ್ಲ.

"ಬಾ ದಸ್ತಗೀರಣ್ಣ, ನೀನೊಂದು ಚರಿಗಿ ಹಾಕು," ಅಂದ್ಳು ಅಮರಗುಂಡಪ್ಪನ ಹೇಣ್ತಿ ಶೇಖರಮ್ಮ.

"ಅವ ನನ್ನ ಮ್ಯಾಲ ಸಿಟ್ಟಿನಾಗ ಹೋದ್ನೇನವ್ವಾ?"

"ನನಗೇನು ಗೊತ್ತಣ್ಣ. ಎಂಟು ದಿನ ನಿನ್ನ ಹೆಸರು ಎತ್ತಲಿಲ್ಲ."

ದಸ್ತಗೀರ್‌ಸಾಬ್ ಚರಿಗಿ ಮುಟ್ಟಲಿಲ್ಲ.

*

ಹೋದ ವರ್ಷ ಐಶ್ವರ್ಯ ಸಿಂಧನೂರು ಕಾಲೇಜಿಗೆ ಸೇರಿದಾಗ ಅಂಗಡ್ಯಾಗ ಕುಂತು ಪಾಠ ಒದರ್ತಿದ್ಳು. ಜಗತ್ತಿನ ಜೀವ ಎಲ್ಲಾ ಐದು ಸಾಮ್ರಾಜ್ಯ; ಸಾಮ್ರಾಜ್ಯದಾಗ ವರ್ಗ, ವರ್ಗದಾಗ ಕುಟುಂಬ, ಹಿಂಗ ಸಣ್ಣದಾಗ್ತಾ ಸಣ್ಣದಾಗ್ತಾ ಕಡೀಕ ಒಂದೊಂದ ಜೀವ. ಅಮರಗುಂಡಪ್ಪ ಮೂರನೇತ್ತ ಸಾಲಿ ಓದಿದಾವ. ಮರುದಿನ ಕಪಾಟಿನ ಐದು ಖಾನಿ ಖಾಲಿ ಮಾಡಿ ಮಾಲು ಹೊಸದಾಗಿ ಹೊಂದಿಸಿದ.

ಗಿಡದ ಖಾನ್ಯಾಗ ಜೀರಗಿ, ಯಾಲಕ್ಕಿ. ಬಾಜೂಕ ಅಣಬಿ ಖಾನ್ಯಾಗ ಒಣ ಅಣಬಿ, ಬೇಕರಿ ಈಸ್ಟ್. ಪ್ರಾಣಿ ಖಾನ್ಯಾಗ ಜೇನುತುಪ್ಪ, ಅರಗು. ಹೆಪ್ಪುಗಟ್ಟಿಸೋ ಬ್ಯಾಕ್ಟೀರಿಯಾಕ್ಕಂತ ಮೊಸರಿನ ಗಡಿಗಿಗೆ ಒಂದು ಖಾನಿ. ಕಣ್ಣಿಗೆ ಕಾಣದ ನೀರಿನ ಜೀವಕ್ಕಂತ ಒಂದು ಖಾಲಿ ಬಿಟ್ಟು, ದಿನಾ ಅದಕ್ಕೂ ಊದಿನಕಡ್ಡಿ ಬೆಳಗತಿದ್ದ. ಉಪ್ಪಿಗೆ ಜೀವ ಇಲ್ಲ, ಅದರ ಚೀಲ ಬಾಗಲದಾಗ.

ಗಿರಾಕಿ ನಗತಿದ್ರು. ಅವ ಮ್ಯಾಲೊಂದು ಬಡಾಯಿ ಸೇರಸತಿದ್ದ. "ಗುರುಗುಂಟಾದಾಗ ಒಂದು ಅಣಬಿ ನೋಡೀನಿ. ಮಳಿ ಬಂದ್ರ ಲಿಂಗಸುಗೂರು ಬಸ್ಸು ಅದರ ಕೆಳಗ ನಿಂದರತಿತ್ತು."

"ಖರೇ ಐತಿ. ಕಂಡಕ್ಟರ್ ನಾನ ಇದ್ದೆ," ಅಂತಿದ್ದ ದಸ್ತಗೀರ್‌ಸಾಬ್, ತಕ್ಕಡಿಯಿಂದ ತಲಿ ಎತ್ತದಂಗ.

ತಕರಾರು ಬಂದಿದ್ದು ಮಸಾಲಿಗೆ ಹಾಕೋ ಕಲ್ಲುಹೂವಿನಿಂದ.

"ಇದು ಐದ್ರಾಗ ಯಾವುದ್ರಾಗೂ ಕೂಡಂಗಿಲ್ಲ ತಾತ," ಅಂದ್ಳು ಐಶ್ವರ್ಯ. "ಇದು ಒಂದು ಜೀವ ಅಲ್ಲ. ಅಣಬಿ ಬಳಗದ್ದು ಒಂದು, ಪಾಚಿ ಒಂದು. ಅದು ಮನಿ ಕಟ್ಟತೈತಿ, ಇದು ಅಡಗಿ ಮಾಡತೈತಿ. ಬ್ಯಾರೆ ಮಾಡಿದ್ರ ಕಲ್ಲುಹೂವೇ ಇಲ್ಲ."

"ಮನಿ ಕಟ್ಟಿದಾವನ ಯಜಮಾನ. ಅಣಬಿ ಖಾನಿ," ಅಂದ ಅಮರಗುಂಡಪ್ಪ.

"ಉಣ್ಣಾಕ ಹಾಕಾಕಿ ಪಾಚಿ. ಗಿಡದ ಖಾನಿ," ಅಂದ ದಸ್ತಗೀರ್‌ಸಾಬ್.

ಮುಂಜಾನಿ ಒಬ್ಬ ಇಟ್ಟ ಬರಣಿ ಸಂಜಿಕ ಇನ್ನೊಬ್ಬ ತಗೀತಿದ್ದ. ತಿಂಗಳುಗಟ್ಲೆ ನಡೀತು. ಒಂದಿನ ಗಿರಾಕಿ ಮುಂದ ಅಮರಗುಂಡಪ್ಪನ ಬಾಯಿ ಜಾರಿತು. "ಇದು ನಮ್ಮಪ್ಪನ ಅಂಗಡಿ ಲೇ. ನಾ ಹೇಳಿದಲ್ಲೆ ಇರತೈತಿ."

ದಸ್ತಗೀರ್‌ಸಾಬ್ ತಕ್ಕಡಿ ಇಳಿಸಿದ. ಚಪ್ಪಲಿ ಮೆಟ್ಟಿ ಹೋದ.

*

ಕುಣಿ ತಯಾರಾಗಿತ್ತು, ಅದರಾಗ ತುಂಬೋ ಉಪ್ಪು ಸಾಲಲಿಲ್ಲ. ಶೇಖರಮ್ಮ ಸೆರಗಿನ ಗಂಟು ಬಿಚ್ಚಿ ಅಂಗಡಿ ಕೀಲಿ ದಸ್ತಗೀರ್‌ಸಾಬನ ಕೈಯಾಗ ಇಟ್ಟಳು. "ಎಲ್ಲೈತಿ ಅಂಬೋದು ನಿನಗ ಗೊತ್ತು."

ಅವ ಬಾಗಲಾ ತೆಗದ. ಉಪ್ಪಿನ ಚೀಲ ಅಲ್ಲೇ ಇತ್ತು. ಎತ್ತಾಕ ಬಗ್ಗಿದಾವ ಕಪಾಟು ನೋಡಿ ಹಂಗ ನಿಂತ.

ಗಿಡದ ಖಾನಿಗೂ ಅಣಬಿ ಖಾನಿಗೂ ನಡುವಿದ್ದ ಹಲಗಿ ಕಿತ್ತು ಗೋಡಿಗೆ ಆನಿಸಿತ್ತು. ಸೊಟ್ಟ ಮೊಳಿ ನಾಕು ಕೆಳಗ ಬಿದ್ದಿದ್ವು. ಎರಡು ಖಾನಿ ಒಂದಾಗಿ, ಜೀರಗಿ ಅತ್ತ, ಅಣಬಿ ಇತ್ತ. ನಟ್ಟನಡುವ ಕಲ್ಲುಹೂವಿನ ಬರಣಿ. ಗಲ್ಲಾದ ಬಾಜೂಕ ದಸ್ತಗೀರ್‌ಸಾಬನ ಚಾಪಿ ಝಾಡಿಸಿ ಹಾಸಿತ್ತು.

ಅವ ಬರಣಿ ಮುಚ್ಚಳ ತೆಗದ, ಆಮ್ಯಾಲ ಉಪ್ಪಿನ ಚೀಲ ಹೆಗಲಿಗೇರಿಸಿದ.

ರುದ್ರಭೂಮ್ಯಾಗ ಅಮರಗುಂಡಪ್ಪನ್ನ ಕುಣ್ಯಾಗ ಕುಂದ್ರಿಸಿದ್ರು. ಅಂಗೈಯಾಗ ಲಿಂಗ, ಮ್ಯಾಲ ಪತ್ರಿ, ಸುತ್ತ ವಿಭೂತಿ. ದಸ್ತಗೀರ್‌ಸಾಬ್ ಹೊತ್ತು ತಂದ ಉಪ್ಪು ಎದಿಮಟ ಏರಿತು. ಪತ್ರಿ ಸಂದ್ಯಾಗ ಕರ್ರನ್ನ ಹೆಬ್ಬಟ್ಟು ಒಂದ ಕಾಣತಿತ್ತು.

"ಮಣ್ಣು ಹಾಕಣ್ಣ," ಅಂದ ಸೂಗಪ್ಪ.

ದಸ್ತಗೀರ್‌ಸಾಬ್ ಮುಷ್ಟಿ ಬಿಚ್ಚಿದ. ಅಂಗೈಯಗಲದ ಒಂದು ಕಲ್ಲುಹೂವು.

"ಅರ್ಧ ಮುರ್ಕೊಂಡು ಇಟ್ಕೋ, ನೆನಪಿಗೆ," ಅಂದ ಸೂಗಪ್ಪ.

ಅವ ಮುರೀಲಿಲ್ಲ. ಮಣಕಾಲೂರಿ, ಕುಣ್ಯಾಗ ಕೈ ಇಳಿಬಿಟ್ಟು, ಆ ಹೆಬ್ಬಟ್ಟಿನ ಬಾಜೂಕ ಇಟ್ಟ. ಬೆಳ್ಳನ್ನ ಉಪ್ಪಿನ ಮ್ಯಾಲ ಬೂದಿಬಣ್ಣದ ಹೂವು, ಬಂಡಿಗಲ್ಲಿಗೆ ಹತ್ತಿಕೊಂಡು ಬೆಳದಂಗ ಕುಂತಿತು.