ರಾಣಿಯ ಕೆನ್ನೆಯ ಗೀರು

"ಅರವತ್ತಾರು," ಎಂದರು ಹಲ್ಲಿನ ಡಾಕ್ಟರು, ನಾಣ್ಯವನ್ನು ದೀಪದ ಕೆಳಗೆ ಒಂದಿಷ್ಟು ಓರೆ ಮಾಡಿ.

ಹೆಂಡತಿ ಪ್ಲಾಸ್ಟಿಕ್ ಡಬ್ಬಿಯ ಮೇಲಿದ್ದ ಬಿಳಿ ಟೇಪು ಕಿತ್ತಳು. ಅದರಡಿಯ ಚೀಟಿಯಲ್ಲಿ ಅರವತ್ತೊಂದು ಎಂದಿತ್ತು.

"ಜಿಪುಣರು," ಎಂದರು ಡಾಕ್ಟರು. "ಅಪ್ಪನ ಮನೆ ಗಂಟು ಹೋಗುತ್ತೆ ಅನ್ನೋ ಹಾಗೆ ಅಂಕ ಕೊಡ್ತಾರೆ."

ಬೆಳಗಿನಿಂದ ಇದೇ ಹಾಡು. ಹಳೆಯ ನಾಣ್ಯಗಳ ಸವೆತ, ಹೊಳಪು, ಗೀರುಗಳನ್ನು ನೋಡಿ ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಪರಿಣತರಿದ್ದಾರೆ. ಡಾಕ್ಟರಿಗೆ ಹಲ್ಲು ಬಿಟ್ಟರೆ ನಾಣ್ಯವೇ ಜೀವ, ಆ ಪರಿಣತರಿಗಿಂತ ತಮ್ಮ ಕಣ್ಣೇ ಚುರುಕು ಎಂಬ ಜಂಬ ಬೇರೆ. ಆ ಜಂಬವನ್ನು ಹಿಡಿದೇ ಹೆಂಡತಿ ಪಂದ್ಯ ಕಟ್ಟಿದ್ದಳು. ನಾಣ್ಯದಂಗಡಿಯವನಿಂದ ಒಂದು ಪೆಟ್ಟಿಗೆ ಡಬ್ಬಿಗಳನ್ನು ಎರವಲು ತಂದು, ಚೀಟಿಗಳಿಗೆ ಕ್ಲಿನಿಕ್ಕಿನ ಟೇಪು ಅಂಟಿಸಿದ್ದಳು. ಅರ್ಧದಷ್ಟು ಸರಿ ಹೇಳಿದರೆ ಅವರ ಕಣ್ಣಿನ ಬಗ್ಗೆ ಅವಳು ಇನ್ನೆಂದೂ ಬಾಯಿ ತೆರೆಯುವುದಿಲ್ಲ. ತಪ್ಪಿದರೆ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಕಣ್ಣು ಸರಿಯಾಗುವ ತನಕ ಯಾರ ಬಾಯಿಗೂ ಡ್ರಿಲ್ಲು ಹಾಕಬಾರದು.

ಅವಳಿಗೇನು ಗಂಡನನ್ನು ಸೋಲಿಸುವ ಚಪಲವಿರಲಿಲ್ಲ. ಪಕ್ಕದಲ್ಲಿ ನಿಂತು ಹತ್ತಿ, ನೀರು, ಕನ್ನಡಿ ಕೊಡುತ್ತ ತಲೆ ನರೆತವಳು ಅವಳು. ನಾದಿನಿಯ ಹಿಂದಿನ ಹಲ್ಲಿನಲ್ಲಿ ಏನೂ ಇಲ್ಲ ಎಂದು ಇವರು ಕಳಿಸಿದ್ದರು. ಆ ಪುಣ್ಯಾತ್ಗಿತ್ತಿ ಬೇರೆ ಕಡೆ ಹೋಗಿ ತೂತು ಮುಚ್ಚಿಸಿಕೊಂಡು ಬಂದು, ಅಣ್ಣನಿಗೆ ಮಾತ್ರ ಹೇಳಬೇಡಿ ಅತ್ತಿಗೆ ಎಂದು ಕೈ ಹಿಡಿದಿದ್ದಳು. ಮೊನ್ನೆಯಂತೂ ಮೇಷ್ಟರೊಬ್ಬರ ಬಾಯಲ್ಲಿ ಡ್ರಿಲ್ಲು ಒಳ್ಳೆಯ ಹಲ್ಲಿನ ಕಡೆಗೇ ಹೊರಟಿತ್ತು. ಇವಳು ಜೋರಾಗಿ ಕೆಮ್ಮಿ ತಡೆದಳು. ಕೆಮ್ಮಿಗೆ ಔಷಧಿ ತಗೋಬಾರದಾ ಎಂದು ಆಮೇಲೆ ಇವಳಿಗೇ ಉಪದೇಶವಾಯಿತು. ಎಷ್ಟು ದಿನ ಕೆಮ್ಮುತ್ತ ಇರುವುದು?

ಈಗ ಪೆಟ್ಟಿಗೆ ಮುಕ್ಕಾಲು ಖಾಲಿಯಾಗಿತ್ತು. ಸರಿಯಾದದ್ದು ಎರಡೋ ಮೂರೋ. ತಪ್ಪಿದ್ದೆಲ್ಲ ಒಂದೇ ದಿಕ್ಕಿಗೆ: ಡಾಕ್ಟರು ಒಂದಕ್ಕಾದರೂ ಕಡಿಮೆ ಅಂಕ ಕೊಟ್ಟಿರಲಿಲ್ಲ. ಅವರಿಗೆ ಲೋಕದ ನಾಣ್ಯಗಳೆಲ್ಲ ನಿನ್ನೆ ಟಂಕಿಸಿದಂತೆ ನುಣ್ಣಗಿದ್ದವು. ದೀಪದ ಬೆಳಕು ಹಳದಿ ಎಂದರು, ಭೂತಗನ್ನಡಿಗೆ ಧೂಳು ಎಂದರು, ಪರಿಣತರು ಸಂಬಳ ಎಣಿಸುವವರು ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಹೆಂಡತಿಯ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಅದನ್ನು ನುಂಗಿ ಮುಂದಿನ ಡಬ್ಬಿ ಕೊಟ್ಟಳು.

ರಾಣಿಯ ಮುಖವಿದ್ದ ಬೆಳ್ಳಿ ನಾಣ್ಯ. ಅಂಥವು ಆ ಪೆಟ್ಟಿಗೆಯಲ್ಲಿ ಇನ್ನೂ ಕೆಲವಿದ್ದವು. ಡಾಕ್ಟರು ಅದನ್ನು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಮುಖ ಅರಳಿತು.

"ನೋಡು, ಇದು ನಾಣ್ಯ ಅಂದ್ರೆ. ಕೆನ್ನೆ ನೋಡು, ಒಂದು ಕಲೆ ಇಲ್ಲ. ಅರವತ್ತೇಳು. ಕಣ್ಣು ಮುಚ್ಚಿಕೊಂಡು ಹೇಳ್ತೀನಿ."

ಹೆಂಡತಿಗೆ ಟೇಪು ಕೀಳಲು ಮನಸ್ಸೇ ಬರಲಿಲ್ಲ. ಡಬ್ಬಿಯನ್ನು ಹಾಗೇ ಅವರ ಮುಂದೆ ಇಟ್ಟಳು. ಅವರೇ ಕಿತ್ತರು.

ಐವತ್ತೆಂಟು. ಪಕ್ಕದಲ್ಲಿ ಡಾಕ್ಟರದೇ ಸಹಿ.

ಅದು ಅವರದೇ ನಾಣ್ಯ. ಕೊಂಡ ದಿನವೇ ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರು ಕಂಡುಹಿಡಿದು, ಐವತ್ತೆಂಟಕ್ಕಿಂತ ಒಂದು ಅಂಕ ಹೆಚ್ಚು ಬಂದರೆ ಮೀಸೆ ಬೋಳಿಸುತ್ತೇನೆ ಎಂದು ಪರಿಣತರಿಗೆ ಕಳಿಸಿದ್ದರು. ಐವತ್ತೆಂಟೇ ಬಂದಿತ್ತು, ಆ ಹೆಮ್ಮೆಗೆ ಡಬ್ಬಿಯ ಮೇಲೆ ಅಂಕದ ಪಕ್ಕ ಸಹಿಯನ್ನೂ ಹಾಕಿದ್ದರು. ಅಂದಿನಿಂದ ಮನೆಗೆ ಬಂದ ನೆಂಟರಲ್ಲಿ ಆ ಗೀರಿನ ಕಥೆ ಕೇಳದೆ ಊಟಕ್ಕೆ ಎದ್ದವರಿಲ್ಲ. ಆ ನಾಣ್ಯವನ್ನು ಬೀರುವಿನಿಂದ ತೆಗೆದು ಬೇಕೆಂದೇ ಪೆಟ್ಟಿಗೆಗೆ ಸೇರಿಸಿದ್ದಳು ಹೆಂಡತಿ.

"ಪ್ಲಾಸ್ಟಿಕ್ಕು ಮಬ್ಬಾಗಿದೆ," ಎಂದರು ಡಾಕ್ಟರು.

"ಆಗಿರಬಹುದು."

"ಆಗಿರಬಹುದು ಅಲ್ಲ, ಆಗಿದೆ."

ಅವರು ಡಬ್ಬಿ ಹಿಡಿದು ಮಹಡಿ ಇಳಿದು ಕ್ಲಿನಿಕ್ಕಿಗೆ ನಡೆದರು. ಹೆಂಡತಿ ಹಿಂದೆಯೇ ಹೋದಳು. ಈ ಮನುಷ್ಯ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅವಳಿಗೆ ಹೊಸದಾಗಿ ಗೊತ್ತಾಗಬೇಕಿರಲಿಲ್ಲ, ಆದರೂ ಮೈಯೆಲ್ಲ ಉರಿಯಿತು. ಡಾಕ್ಟರು ಹಲ್ಲು ಕೀಳುವ ಇಕ್ಕಳ ತೆಗೆದು ಡಬ್ಬಿಯ ಮೂಲೆಗೆ ಹಾಕಿ ಅಮುಕಿದರು. ಅಷ್ಟು ಜೋಪಾನ ಮಾಡಿದ ಡಬ್ಬಿ ಚಟಚಟನೆ ಒಡೆಯಿತು. ನಾಣ್ಯವನ್ನು ರೋಗಿಗಳ ಕುರ್ಚಿಯ ದೊಡ್ಡ ದೀಪದ ಕೆಳಗಿಟ್ಟು ಬಗ್ಗಿ ನೋಡಿದರು. ಭೂತಗನ್ನಡಿ ಬದಲಾಯಿಸಿ ನೋಡಿದರು. ದೀಪವನ್ನು ಇನ್ನೂ ಕೆಳಕ್ಕೆ ಎಳೆದರು.

ಆಮೇಲೆ ಅವರ ಬಲಗೈ ತಾನೇ ತಟ್ಟೆಯ ಕಡೆಗೆ ಹೋಯಿತು. ಹಲ್ಲಿನ ಹುಳುಕು ತಡಕುವ, ತುದಿ ಬಾಗಿದ ಉಕ್ಕಿನ ಕಡ್ಡಿ ಎತ್ತಿಕೊಂಡಿತು. ನಾಣ್ಯದ ಮುಖಕ್ಕೆ ಬೆರಳು ಸಹ ತಾಗಿಸಬಾರದು ಎಂದು ಊರಿಗೆಲ್ಲ ಪಾಠ ಹೇಳಿದವರು, ರಾಣಿಯ ಕೆನ್ನೆಗೆ ಆ ಉಕ್ಕಿನ ಮೊನೆ ಇಟ್ಟು ಕಿವಿಯಿಂದ ಬಾಯಿಯ ಕಡೆಗೆ ಎಳೆದರು. ರೀ, ಎಂದಳು ಹೆಂಡತಿ. ಅಷ್ಟರಲ್ಲಿ ಮೊನೆ ಒಂದು ಕಡೆ ಸಿಕ್ಕಿಕೊಂಡಿತು. ಡಾಕ್ಟರು ಕಡ್ಡಿಯನ್ನು ಹಿಂದೆ ತಂದು ಮತ್ತೆ ಎಳೆದರು. ಅದೇ ಜಾಗದಲ್ಲಿ ಮತ್ತೆ ಸಿಕ್ಕಿಕೊಂಡಿತು.

ಅವರು ಕಡ್ಡಿ ಕೆಳಗಿಟ್ಟು, ರೋಗಿಗಳ ಕುರ್ಚಿಯ ಮೇಲೆ ತಾವೇ ಕುಳಿತುಕೊಂಡರು.

"ಇದೆ," ಎಂದರು. ಆಮೇಲೆ, "ನಾಳೆ ಯಾರು ಯಾರು ಬರ್ತಾರೋ ಅವರಿಗೆಲ್ಲ ಫೋನ್ ಮಾಡಿ ಬೇಡ ಅನ್ನು. ಕಾರಣ ಹೇಳಬೇಡ."

ಹೇಳುವುದಿಲ್ಲ ಎಂದಳು. ಇಷ್ಟು ದಿನ ಈ ಮಾತಿಗಾಗಿ ಹಲ್ಲು ಕಚ್ಚಿಕೊಂಡು ಕಾದವಳಿಗೆ ಈಗ ಅದು ಬಂದಾಗ ಗೆದ್ದೆ ಅನ್ನಿಸಲಿಲ್ಲ. ಒಡೆದ ಪ್ಲಾಸ್ಟಿಕ್ ಚೂರುಗಳನ್ನು ಗುಡಿಸತೊಡಗಿದಳು.

"ಅದೊಂದೇ ಗೀರು ತಾನೇ?" ಎಂದು ಕೇಳಿದರು ಡಾಕ್ಟರು. "ಬೇರೆ ಏನೂ ಇಲ್ಲವಲ್ಲ?"

ನಾಣ್ಯ ದೀಪದ ಕೆಳಗೆ ಬಿದ್ದಿತ್ತು. ಹಳೆಯ ಗೀರಿಗೆ ಅಡ್ಡಲಾಗಿ, ರಾಣಿಯ ಕಿವಿಯಿಂದ ತುಟಿಯವರೆಗೆ, ಎರಡು ಹೊಸ ಗೀರುಗಳು ಹೊಳೆಯುತ್ತಿದ್ದವು. ಅವಳು ನಿಂತಲ್ಲಿಂದಲೇ ಕಾಣುತ್ತಿದ್ದವು.

"ಒಂದೇ," ಎಂದು ಹೆಂಡತಿ ದೀಪ ಆರಿಸಿದಳು.