ಐದು ಗಂಟೆಯೆಂದರೆ ಐದೂಕಾಲು

ಲುಂಡ್‌ನಲ್ಲಿ ಐದು ಗಂಟೆಯ ತರಗತಿ ಶುರುವಾಗುವುದು ಐದೂಕಾಲಿಗೆ. ಸ್ವೀಡನ್ನಿನ ಈ ವಿಶ್ವವಿದ್ಯಾಲಯದ ಹಳೆಯ ರೂಢಿ ಇದು; ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಆದರೆ ಬೇಕರಿಯ ಕೆಲಸ ಮುಗಿಸಿ ಸಂಜೆ ಶಾಲೆಗೆ ಓಡಿ ಓದಿದವಳು ನಾನು. ಅಲ್ಲಿ ಒಂದು ನಿಮಿಷ ತಡವಾದರೂ ಬಾಗಿಲು ಹಾಕುತ್ತಿದ್ದರು. ಕಾಲುಗಳು ಅದನ್ನು ಮರೆತಿಲ್ಲ. ಅಭ್ಯಾಸ ಕೂಟದ ಆ ಸಂಜೆಯೂ ಐದಕ್ಕೆ ಎರಡು ನಿಮಿಷವಿರುವಾಗಲೇ ಹೋದೆ.

ಮರುದಿನ ಸಂಖ್ಯಾಶಾಸ್ತ್ರದ ಪರೀಕ್ಷೆ. ಎರಡು ಸಲ ಫೇಲಾಗಿದ್ದೆ. ಈ ಸಲವೂ ಹೋದರೆ ಮುಂದಿನ ಸೆಮಿಸ್ಟರ್‌ಗೆ ಸೇರುವಂತಿಲ್ಲ. ನಲವತ್ತಮೂರನೇ ವಯಸ್ಸಿನಲ್ಲಿ ಮತ್ತೆ ಬೇಕರಿ. ಅದಕ್ಕೇ ಮೊದಲ ಸಲ ಈ ಅಭ್ಯಾಸ ಕೂಟಕ್ಕೆ ಬಂದಿದ್ದೆ. ಪಾಸಾದ ಹಿರಿಯ ವಿದ್ಯಾರ್ಥಿಯೊಬ್ಬರು ನಡೆಸುವ ಕೂಟ. ಅವರು ಉತ್ತರ ಹೇಳಕೂಡದು, ಬರೀ ಪ್ರಶ್ನೆ ಕೇಳಬೇಕು ಎಂಬುದೊಂದೇ ನಿಯಮ.

ಕೋಣೆಯಲ್ಲಿ ಮೊದಲ ವರ್ಷದ ಆರು ಮಂದಿ ಆಗಲೇ ಕೂತಿದ್ದರು. ಪರೀಕ್ಷೆಯ ಭಯಕ್ಕೆ ಗಡಿಯಾರ ಲೆಕ್ಕಕ್ಕಿಲ್ಲ.

"ನೀನೇ ಅಲ್ವಾ ಇವತ್ತು ನಡೆಸೋದು?" ಹೆಡ್ಡಾ ಎಂಬ ಉದ್ದನೆಯ ಹುಡುಗಿ ಕೇಳಿದಳು. ಇಲ್ಲಿ ವಯಸ್ಸೆಷ್ಟಾದರೂ ಎಲ್ಲರಿಗೂ 'ನೀನು'. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಾರ್ಕರ್ ಕೈಗೆ ಬಂತು.

"ನಾನು ಗುನ್ವೋರ್" ಎಂದೆ. ಅದಾದರೂ ನಿಜ.

"ಮಾದರಿಯಲ್ಲಿ ಐದು ಅಳತೆ ಇದ್ರೆ, ಅದರ ಚದುರುವಿಕೆ, ಅದೇ ವೇರಿಯನ್ಸ್, ಲೆಕ್ಕ ಹಾಕೋವಾಗ ಐದರಿಂದ ಭಾಗಿಸೋದು ಬಿಟ್ಟು ನಾಲ್ಕರಿಂದ ಯಾಕೆ?" ಎಂದಳು ಹೆಡ್ಡಾ.

ಎರಡು ಸಲ ನನ್ನನ್ನು ಕೆಡವಿದ್ದು ಇದೇ ಪ್ರಶ್ನೆ. "ಯಾಕೆ?" ಎಂದೆ, ನಿಜವಾಗಿ ತಿಳಿಯುವ ಆಸೆಯಿಂದ.

"ನೋಡ್ರೋ, ಹೇಳೋದೇ ಇಲ್ಲ ಇವಳು" ಎಂದು ಮೆಲ್ಕರ್ ನಕ್ಕ. ಗುಂಗುರು ಕೂದಲಿನ ಹುಡುಗ. ಏಲಕ್ಕಿ ಬನ್ನಿನ ಪೊಟ್ಟಣ ಮುಂದಕ್ಕೆ ತಳ್ಳಿದ. "ಐದು ಬನ್ನು. ಸರಾಸರಿ ಎಂಬತ್ತು ಗ್ರಾಂ, ಅಂದ್ರೆ ಒಟ್ಟು ನಾನೂರು, ಅಂತ ಆಗ್ಲೇ ಗೊತ್ತು ಅನ್ಕೊಳ್ಳಿ."

"ಆಮೇಲೆ?"

"ನಾಲ್ಕು ಬನ್ನು ಎಷ್ಟು ಬೇಕಾದ್ರೂ ತೂಗ್ಲಿ. ಐದನೇದು…"

"ಐದನೇದಕ್ಕೆ ಉಳಿದಷ್ಟೇ" ಎಂದುಬಿಟ್ಟೆ. ಹನ್ನೊಂದು ವರ್ಷ ಹಿಟ್ಟು ತೂಗಿದ ಕೈ ನನ್ನದು. ಕೊನೆಯ ಉಂಡೆಗೆ ಇಷ್ಟಬಂದಂತೆ ಇರುವ ಹಕ್ಕೇ ಇಲ್ಲ! ಸ್ವತಂತ್ರವಾಗಿರುವುದು ನಾಲ್ಕೇ, ಅದಕ್ಕೇ ನಾಲ್ಕರಿಂದ ಭಾಗ. ನನಗೆ ನಗು ಬಂತು, ತಡೆಯಲಾಗದ ನಗು. ಏಕೆಂದು ತಿಳಿಯದೆ ಅವರೂ ನಕ್ಕರು. ಆಮೇಲೆ ನನಗೆ ಗೊತ್ತಿಲ್ಲದ್ದನ್ನೆಲ್ಲ ಒಂದೊಂದಾಗಿ ಕೇಳಿದೆ. ಅವರು ಒಬ್ಬರ ಮಾತಿಗೊಬ್ಬರು ಅಡ್ಡ ಬಂದು, ಬೋರ್ಡು ತುಂಬಿಸಿ, ಉತ್ತರಿಸಿದರು.

ಬಾಗಿಲಲ್ಲಿ ಸೈಕಲ್ ಹೆಲ್ಮೆಟ್ ಹಿಡಿದ ಹುಡುಗ ನಿಂತಿದ್ದನ್ನು ಎಷ್ಟೋ ಹೊತ್ತಾದ ಮೇಲೆ ನೋಡಿದೆ. ಕೂಟ ನಡೆಸಬೇಕಾದ ಟಾಗೆ. ಐದೂಕಾಲಿಗೆ ಸರಿಯಾಗಿ ಬಂದಿದ್ದನಂತೆ.

"ಕ್ಷಮಿಸು, ನಾನು ನಡೆಸುವವಳಲ್ಲ. ನಾಳೆ ಮೂರನೇ ಸಲ ಪರೀಕ್ಷೆ ಬರೆಯೋಳು" ಎಂದೆ. ಮಾರ್ಕರನ್ನು ಅವನತ್ತ ಚಾಚಿದೆ.

"ಅಯ್ಯೋ, ನಾವೇ ಪಾಠ ಮಾಡಿದ್ವಾ?" ಎಂದ ಮೆಲ್ಕರ್.

"ಬಾಯಿ ಮುಚ್ಕೊಂಡು ಪ್ರಶ್ನೆ ಕೇಳೋದು ಹೇಗೆ ಅಂತ ನನಗೆ ಎರಡು ದಿನ ತರಬೇತಿ ಕೊಟ್ರು" ಎಂದ ಟಾಗೆ. "ಆದ್ರೂ ಉತ್ತರ ಬಾಯಿಗೆ ಬಂದ್ಬಿಡುತ್ತೆ. ನೀನು ಹೇಗೆ ತಡ್ಕೊಂಡೆ?"

"ನನಗೆ ಗೊತ್ತಿದ್ರೆ ತಾನೇ ಬರೋಕೆ."

ಮರುದಿನ ಪರೀಕ್ಷೆಯಲ್ಲಿ ಮೂರನೇ ಪ್ರಶ್ನೆಯಾಗಿ ಅದೇ ಬಂತು. ಐದು ಬನ್ನು ಬರೆದು ಉತ್ತರಿಸಿದೆ. ಪಾಸಾದೆ.

ಈಗ ಮಂಗಳವಾರದ ಕೂಟ ನಡೆಸುವವಳು ನಾನೇ. ಐದಕ್ಕೆ ಎರಡು ನಿಮಿಷವಿರುವಾಗಲೇ ಹೋಗುತ್ತೇನೆ. ನನಗಿಂತ ಮೊದಲೇ ಬಂದು ಹೆದರಿ ಕೂತವರು ಇದ್ದೇ ಇರುತ್ತಾರೆ. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಎಷ್ಟು ಕಷ್ಟವೆಂದು ಈಗ ತಿಳಿದಿದೆ. ನಾಲಿಗೆ ತುರಿಸಿದಾಗ ಬಾಯಿಗೊಂದು ಬನ್ನು ತುರುಕಿಕೊಳ್ಳುತ್ತೇನೆ.