ಉಜಿ ಹೊಳೆಯ ಕೂಳಿಗಳು

ಒದ್ದೆ ಬಿದಿರಿನ ವಾಸನೆ, ಮಣ್ಣಿಗೆ ಬೀಳುವಾಗಲೂ ಹೊಳೆಯ ವಾಸನೆಯೇ ಅದಕ್ಕೆ, ನಡುಗಡ್ಡೆಯಲ್ಲಿ ತೋಡಿದ ಗುಂಡಿಗೆ ಊರಿನವರು ಮೀನು ಹಿಡಿಯುವ ಬಿದಿರು ಬುಟ್ಟಿಗಳು, ಕೂಳಿಗಳು, ಒಂದೊಂದಾಗಿ ಬೀಳುತ್ತಿವೆ, ಇನುಮೆ ನೋಡುತ್ತ ನಿಂತಿದ್ದಾಳೆ — ಆ ಅಗಲ ಬಾಯಿಯದು ಅಪ್ಪನ ಕೈಯ ನೇಯ್ಗೆ, ಅಪ್ಪ ಮಂಜುಗಟ್ಟಿದ ಬೆಳಿಗ್ಗೆ ಇದೇ ನೀರಿಗಿಳಿದವನು ಮೇಲೆ ಬರಲಿಲ್ಲ, ರಾಜಧಾನಿಯ ಅರಮನೆಗೆ ಅಂದು ಬಿಳಿಮೀನು ಹೋಗಲೇಬೇಕಿತ್ತು, ಆಗ ಯಾರೂ ಪಾಪ ಅನ್ನಲಿಲ್ಲ, ಮೀನು ಕಮ್ಮಿಯಾಯಿತು ಅಂದರು. ಈಗ ಅದೇ ಅರಮನೆಯ ಅಪ್ಪಣೆ, ಇನ್ನು ಈ ಹೊಳೆಯಲ್ಲಿ ಯಾರೂ ಮೀನು ಹಿಡಿಯುವಂತಿಲ್ಲ, ಇದರ ಸೇತುವೆ ಕುಸಿದದ್ದು ಕೊಂದ ಮೀನುಗಳ ಶಾಪವಂತೆ! ಅಜ್ಜಿ ಕಂಡಿದ್ದಳು, ಯುದ್ಧದ ವರ್ಷ ಹೆಣಗಳು ತೇಲಿಬಂದು ಮೀನು ತಡೆಯುವ ಬಿದಿರಿನ ತಡಿಕೆಗೆ ಸಿಕ್ಕಿಕೊಂಡಿದ್ದವು, ಅವುಗಳ ಶಾಪ ಯಾರಿಗೂ ತಟ್ಟಲಿಲ್ಲವೇ, ಕತ್ತಿಗಳನ್ನು ಯಾರೂ ಹೂಳಲಿಲ್ಲ, ಇಗೋ ಗುಂಡಿಯ ಸುತ್ತ ನಿಂತ ಸೈನಿಕರ ಸೊಂಟದಲ್ಲೇ ಇವೆ.

ಕೂಳಿ ಹೂಳಿಸುತ್ತಿರುವ ಬೌದ್ಧ ಸನ್ಯಾಸಿಯದು ಮೆದು ದನಿ, ಅದೇ ಉರಿ ಹತ್ತಿಸುವುದು — ನಿಮ್ಮಪ್ಪನ ಬಿಡುಗಡೆಗೇ ಇದು ತಾಯಿ, ಅಷ್ಟು ಜೀವ ಕೊಂದವನು ನರಕದಲ್ಲಿ ಬೇಯ್ತಿರ್ತಾನೆ. ಅವಳ ಬಾಯಿಂದ ಬಂದೇಬಿಟ್ಟಿತು, ಹಿಡಿದೋನು ಅಲ್ಲಿ ಬೇಯ್ತಾನೆ ಸರಿ, ತಿಂದೋರು ಎಲ್ಲಿ ಬೇಯ್ತಾರೆ ಸ್ವಾಮಿ? ಯಾರೋ ಕಿಸಕ್ಕೆಂದರು, ಗಂಡ ಯಸಬುರೋ ತೋಳು ಹಿಂಡಿದ, ಬಾಯ್ಮುಚ್ಚೇ, ಮೀನಿನ ಬದಲು ಬಟ್ಟೆ ಒಗೆಯೋ ಕೆಲಸ ಕೊಡ್ತಾರಂತಲ್ಲ. ಯಾರ ಬಟ್ಟೆ? ಆ ಅರಮನೆಯವರದೇ! ತೋಳು ಬಿಡಿಸಿಕೊಂಡು ಗುಂಡಿಗೆ ಹಾರಿದಳು, ಅಪ್ಪನ ಕೂಳಿಯನ್ನು ಎದೆಗವಚಿಕೊಂಡಳು, ಬಿದಿರಿನ ಸೀಳು ಕೆನ್ನೆ ಗೀರಿತು, ಗೀರಲಿ, ಸೈನಿಕನ ಕೈ ಜುಟ್ಟಿಗೆ ಬಂತು, ಬೇಡ, ಬಿಡಿ ಅಂದ ಸನ್ಯಾಸಿ — ಕಿತ್ತುಕೊಂಡದ್ದು ಸೈನಿಕನಲ್ಲ, ಯಸಬುರೋ, ಅವನೇ ಇಳಿದು ಬಂದು ಅವಳ ಬೆರಳು ಒಂದೊಂದೇ ಬಿಡಿಸಿ ಅದನ್ನು ಮಣ್ಣಿಗಿಟ್ಟ, ಅವಳನ್ನು ಮೇಲಕ್ಕೆಳೆದ, ಮೊದಲ ಕಲ್ಲು ಉರುಳಿತು, ಬಿದಿರು ಚಟಚಟ ಮುರಿಯಿತು, ಅದರ ಮೇಲೆ ಸತ್ತ ಮೀನುಗಳ ಹೆಸರಲ್ಲಿ ಕಲ್ಲಿನ ಗೋಪುರ ಏಳುತ್ತದಂತೆ.

ಥೂ, ಇವನೊಬ್ಬ ಗಂಡಸು, ಉಗಿಯಬೇಕು ಮುಖಕ್ಕೆ, ಸನ್ಯಾಸಿ ಇವತ್ತೇ ಕೊಟ್ಟ ಜಪಮಾಲೆ ಹಿಡಿದು ಬುದ್ಧನಾಮ ಗೊಣಗುತ್ತಿದ್ದಾನೆ, ಅವಳ ಬಾಯಲ್ಲಿ ಉಗುಳು ತುಂಬಿದೆ, ತಿರುಗಿದಳು — ಅವನ ಹೆಬ್ಬೆರಳು ಮಣಿ ಸರಿಸುತ್ತಿಲ್ಲ, ದಾರವನ್ನು ಒಳಗೆ ತೂರಿಸಿ, ತಿರುಚಿ, ಎಳೆಯುತ್ತಿದೆ, ದಿನವೂ ಕೂಳಿಯ ಬಾಯಿಗೆ ಗಂಟು ಹಾಕುತ್ತಿದ್ದ ಹಾಗೆ, ಅವನಿಗೇ ಗೊತ್ತಿಲ್ಲ, ತೂರಿಸಿ, ತಿರುಚಿ, ಎಳೆಯುತ್ತಿದೆ, ಆ ಹೆಬ್ಬೆರಳು, ತೂರಿಸಿ, ತಿರುಚಿ…